ಸಂಬಳ 27 ಸಾವಿರ ಜಾಸ್ತಿ, ಆದರೆ ನಡುವೆ ಸಮುದ್ರ ಇದೆ

ಪ್ರಶ್ನೆ: ನಾನು ಕಲಬುರಗಿಯವನು, ವಯಸ್ಸು 36. ಇಲ್ಲಿನ ಒಂದು ಹೋಟೆಲ್‌ನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಸಂಬಳ 38 ಸಾವಿರ. ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್, ಅವಳಿಗೆ 15 ಸಾವಿರ. ಮಗಳು ನಾಲ್ಕನೇ ಕ್ಲಾಸು. ಸ್ವಂತ ಮನೆ ಇದೆ, ಅಪ್ಪ ಅಮ್ಮ ಜೊತೆಗೇ ಇದ್ದಾರೆ. ಅಪ್ಪನಿಗೆ ಬಿಪಿ, ಶುಗರ್. ಈಗ ಅಂಡಮಾನ್‌ನ ಸ್ವರಾಜ್ ದ್ವೀಪದ ಒಂದು ರೆಸಾರ್ಟ್‌ನಿಂದ 65 ಸಾವಿರದ ಕೆಲಸಕ್ಕೆ ಕರೆ ಬಂದಿದೆ. ಹೆಂಡತಿ, ಮಗಳನ್ನೂ ಕರೆದುಕೊಂಡು ಹೋಗುವ ಆಸೆ. ತಿಂಗಳಿಗೆ 27 ಸಾವಿರ ಜಾಸ್ತಿ ಸಿಗುತ್ತದೆ. ಅಲ್ಲಿ ಖರ್ಚು ಹೇಗೆ? ಕೈಯಲ್ಲಿ ಏನಾದರೂ ಉಳಿಯುತ್ತದಾ?

ಉತ್ತರ: ನಿಮ್ಮ ಪತ್ರ ಓದುತ್ತಿದ್ದಂತೆ ನನಗೆ 2011 ನೆನಪಾಯಿತು. ಆಗ ನಾನೂ ಹೀಗೇ ಒಂದು ಹಾಳೆಯ ಮೇಲೆ ಎರಡು ಸಂಬಳ ಬರೆದು, ಒಂದರಲ್ಲಿ ಇನ್ನೊಂದನ್ನು ಕಳೆದು, ಖುಷಿಯಿಂದ ಹೊರಟಿದ್ದೆ. 2017ರ ತನಕ ಪೋರ್ಟ್ ಬ್ಲೇರ್‌ನಲ್ಲಿ ಸಂಸಾರ ಮಾಡಿದೆವು. ಈಗ ಅದರ ಹೆಸರು ಶ್ರೀ ವಿಜಯಪುರಂ. 2024ರಲ್ಲಿ ಬದಲಾಯಿತು. ಹಳೇ ಅಭ್ಯಾಸ, ನನ್ನ ಬಾಯಲ್ಲಿ ಪೋರ್ಟ್ ಬ್ಲೇರ್ ಅಂತಲೇ ಬರುತ್ತದೆ, ಇಲ್ಲೂ ಹಾಗೇ ಬರೆಯುತ್ತೇನೆ. ಊರಿಗೆ ಬಂದ ಮೇಲೆ ಜನರ ಮನೆ ಲೆಕ್ಕ ನೋಡಿಕೊಡುವ ಕೆಲಸ ಮಾಡುತ್ತಿದ್ದೇನೆ. ಈ ಎರಡೂ ಅನುಭವ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಆ 27 ಸಾವಿರವನ್ನೇ ನೋಡೋಣ. ನಿಮ್ಮ ಹೆಂಡತಿ ನಿಮ್ಮ ಜೊತೆ ಬಂದರೆ ಅವರ 15 ಸಾವಿರ ನಿಲ್ಲುತ್ತದೆ. ಈಗ ಮನೆಗೆ ಬರುತ್ತಿರುವುದು 53 ಸಾವಿರ, ಅಲ್ಲಿ ಬರುವುದು 65. ಅಂದರೆ ಜಾಸ್ತಿ ಆಗುವುದು 12 ಸಾವಿರ ಮಾತ್ರ. ಇಲ್ಲಿ ನಿಮಗೆ ಬಾಡಿಗೆ ಇಲ್ಲ. ಅಲ್ಲಿ ಇದೆ. ಬಾಡಿಗೆ, ಕರೆಂಟು, ನೀರು ಎಲ್ಲ ಸೇರಿ 12 ಸಾವಿರ ಅಂತ ಸುಮ್ನೆ ಲೆಕ್ಕಕ್ಕೆ ಹಿಡಿಯಿರಿ. ಆ 12 ಸಾವಿರವೂ ಹೋಯಿತು. ಇನ್ನೂ ಒಂದು ಕಿಲೋ ಈರುಳ್ಳಿ ತಂದಿಲ್ಲ, ಊರಿಗೆ ಒಂದು ಸಲ ಬಂದಿಲ್ಲ. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಇದೇ ಲೆಕ್ಕವನ್ನು ನನಗೆ 2011ರಲ್ಲಿ ಯಾರಾದರೂ ಹಾಕಿ ತೋರಿಸಿದ್ದರೆ ನಾನು ಹೋಗುತ್ತಿದ್ದೆ, ಆದರೆ ಬೇರೆ ಥರ ಮಾತಾಡಿ ಹೋಗುತ್ತಿದ್ದೆ.

ಬಾಡಿಗೆ ಯಾಕೆ ಜಾಸ್ತಿ ಅಂದರೆ, ಅಲ್ಲಿ ಜಾಗವೇ ಇಲ್ಲ. ನಕ್ಷೆಯಲ್ಲಿ ದ್ವೀಪ ದೊಡ್ಡದಾಗಿ ಕಾಣುತ್ತದೆ. ಆದರೆ ಅಂಡಮಾನ್ ನಿಕೋಬಾರ್‌ನ ಶೇ 80ಕ್ಕೂ ಹೆಚ್ಚು ಭೂಮಿ ಕಾಡು. ಉಳಿದ ಚೂರಿನಲ್ಲೇ ಊರು, ಹೊಲ, ರಸ್ತೆ, ರೆಸಾರ್ಟ್ ಎಲ್ಲ. ಸ್ವರಾಜ್ ದ್ವೀಪದಲ್ಲಿ ಅದು ಇನ್ನೂ ಕಷ್ಟ. ಒಂದು ಮನೆಯವರು ಎರಡು ರೂಮು ಕಟ್ಟಿಸಿದರೆ ಅದನ್ನು ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಡುತ್ತಾರೆ. ತಿಂಗಳ ಲೆಕ್ಕದಲ್ಲಿ ನಿಮಗೆ ಯಾಕೆ ಕೊಡಬೇಕು, ಅಲ್ವಾ? ಹಾಗಾಗಿ ರೆಸಾರ್ಟ್‌ನವರು ವಸತಿ ಕೊಡುತ್ತಾರಾ ಅನ್ನುವುದು ನಿಮ್ಮ ಮೊದಲ ಪ್ರಶ್ನೆ ಆಗಬೇಕು. 'ವಸತಿ ಇದೆ' ಅಂದರೆ ಅದು ನಾಲ್ಕು ಜನ ಗಂಡಸರು ಮಲಗುವ ಸ್ಟಾಫ್ ರೂಮಾ, ಸಂಸಾರ ಇಡುವ ಮನೆಯಾ ಅಂತಲೂ ಕೇಳಿ. ಈ ಒಂದು ಮಾತನ್ನು ಕೇಳದೆ ಹೋಗಿ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ವರ್ಷಗಟ್ಟಲೆ ಒದ್ದಾಡಿದವರನ್ನು ನೋಡಿದ್ದೇನೆ.

ಈಗ ಅಡುಗೆಮನೆ. ಅಕ್ಕಿ, ಮೀನು, ತೆಂಗಿನಕಾಯಿ, ಬಾಳೆಹಣ್ಣು ತಿಂದು ಬದುಕುವವರಿಗೆ ಅಂಡಮಾನ್ ಅಂಥ ದುಬಾರಿ ಅಲ್ಲ. ಮೀನು ಹೇರಳ. ತೆಂಗು, ಅಡಿಕೆ ಅಲ್ಲೇ ಬೆಳೆಯುತ್ತದೆ. ಸೊಪ್ಪು, ಬೆಂಡೆ, ಬದನೆ ಕೂಡ ಸಿಗುತ್ತವೆ. ಆದರೆ ಆಲೂಗಡ್ಡೆ, ಈರುಳ್ಳಿ, ಬೇಳೆ, ಎಣ್ಣೆ, ಸಕ್ಕರೆ, ಸಿಮೆಂಟು, ಪುಸ್ತಕ, ಮಾತ್ರೆ, ಅಡುಗೆ ಗ್ಯಾಸ್ ಎಲ್ಲವೂ ಚೆನ್ನೈ, ಕೋಲ್ಕತ್ತ, ವಿಶಾಖಪಟ್ಟಣದಿಂದ ಹಡಗಿನಲ್ಲಿ ಬರಬೇಕು. ಚೆನ್ನೈಯಿಂದ ಸುಮಾರು 1,200 ಕಿ.ಮೀ. ಸಮುದ್ರ. ಹಡಗಿಗೆ ಮೂರು ದಿನ ಹಿಡಿಯುತ್ತದೆ. ಅದು ಪೋರ್ಟ್ ಬ್ಲೇರ್‌ನಲ್ಲಿ ಇಳಿದು, ಅಲ್ಲಿಂದ ಇನ್ನೊಂದು ದೋಣಿ ಹತ್ತಿ ನಿಮ್ಮ ದ್ವೀಪಕ್ಕೆ ಬರುತ್ತದೆ. ಎತ್ತಿಳಿಸಿದ ಪ್ರತಿ ಸಲವೂ ಕೂಲಿ ಸೇರುತ್ತದೆ, ಒಂದಷ್ಟು ಮಾಲು ಕೊಳೆಯುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಹಡಗು ತಡವಾದರೆ ಆ ವಾರ ಟೊಮೆಟೊ ಮುಟ್ಟುವ ಹಾಗಿಲ್ಲ. ಹಾಲಿನದಂತೂ ಬೇರೆಯೇ ಕಥೆ. ಬೆಳಗ್ಗೆ ಎದ್ದು ಚರಿಗೆ ಹಿಡಿದು ಎಮ್ಮೆ ಹಾಲು ಹಾಕಿಸಿಕೊಂಡು ಬರುವವರು ನಾವು. ಅಲ್ಲಿ ತಾಜಾ ಹಾಲು ಕಡಿಮೆ, ಬಂದರೂ ದುಬಾರಿ. ಹಾಲಿನ ಪುಡಿ, ಡಬ್ಬಿ ಹಾಲು ರೂಢಿ ಮಾಡಿಕೊಳ್ಳಬೇಕು. ನಿಮ್ಮ ಮಗಳು ಮೊಸರು ಇಲ್ಲದೆ ಊಟ ಮಾಡುವುದಿಲ್ಲ ಅಂದರೆ ಅದಕ್ಕೂ ಲೆಕ್ಕದಲ್ಲಿ ಒಂದು ಸಾಲು ಹಾಕಿ.

ನಮ್ಮ ಭಾಗದವರು ಮರೆಯುವ ದೊಡ್ಡ ಖರ್ಚು ಇನ್ನೊಂದಿದೆ. ಇಲ್ಲಿ ಎಷ್ಟೋ ಮನೆಗೆ ಜೋಳ, ತೊಗರಿ ಅಂಗಡಿಯಿಂದ ಬರುವುದಿಲ್ಲ. ಆಳಂದದ ಕಡೆಯೋ ಸೇಡಂ ಕಡೆಯೋ ಹೊಲದಿಂದ ಚೀಲದಲ್ಲಿ ಬರುತ್ತದೆ. ಅಮ್ಮ ಬಿಸಿಲಲ್ಲಿ ಒಣಗಿಸಿ, ಬೇಳೆ ಮಾಡಿಸಿ, ಡಬ್ಬಿ ತುಂಬಿ ಇಡುತ್ತಾರೆ. ಅದಕ್ಕೆ ನಾವು ಎಂದೂ ಬೆಲೆ ಕಟ್ಟಿಲ್ಲ. ನಿಮ್ಮ ಮನೆಯಲ್ಲೂ ಹಾಗೇ ಇದ್ದರೆ ಒಂದು ತಿಂಗಳು ಕೂತು ಬರೆಯಿರಿ. ಎಷ್ಟು ಜೋಳ, ಎಷ್ಟು ಬೇಳೆ, ಎಷ್ಟು ಶೇಂಗಾ, ಎಷ್ಟು ಖಾರದ ಪುಡಿ ಪುಕ್ಕಟೆ ಬಂತು ಅಂತ. ಅಲ್ಲಿ ಅದೆಲ್ಲ ದುಡ್ಡು ಕೊಟ್ಟು ತರುವುದೇ.

ಒಯ್ದರಾಯಿತು ಅಂತೀರಾ? ನಾವೂ ಒಯ್ದೆವು. ಮೊದಲ ಸಲ ನನ್ನ ಹೆಂಡತಿ ನೂರು ಕಡಕ್ ರೊಟ್ಟಿ ಬಟ್ಟೆಯಲ್ಲಿ ಕಟ್ಟಿ, ರಟ್ಟಿನ ಡಬ್ಬದಲ್ಲಿಟ್ಟು ತಂದಿದ್ದಳು. ಇಲ್ಲಿ ಅವು ತಿಂಗಳಾದರೂ ಮುರಿದರೆ ಚಟ್ ಅಂತ ಸದ್ದು ಮಾಡುತ್ತವೆ. ಅಲ್ಲಿ ಎರಡನೇ ದಿನ ಡಬ್ಬ ತೆರೆದರೆ ಒಂದೂ ಮುರಿಯಲಿಲ್ಲ. ಮಡಚಿಕೊಂಡವು, ಒದ್ದೆ ಬಟ್ಟೆಯ ಹಾಗೆ. ವಾರದಲ್ಲಿ ಅಂಚಿಗೆ ಹಸಿರು ಬೂಸ್ಟು. ಎರಡು ದಿನ ಒಲೆಯ ಪಕ್ಕ ಕೂತು ಬಡಿದ ರೊಟ್ಟಿ ಅವು. ಅವಳು ಏನೂ ಮಾತಾಡದೆ ಒಂದೊಂದಾಗಿ ಹಂಚಿನ ಮೇಲೆ ಬಿಸಿ ಮಾಡಿ ಆದಷ್ಟು ಉಳಿಸಿದಳು. ಜೋಳದ ಹಿಟ್ಟು ಕೂಡ ಗಂಟುಗಟ್ಟಿ ಹುಳ ಬಿತ್ತು. ಆಮೇಲೆ ಕಲಿತೆವು. ಹಿಟ್ಟು ಒಯ್ಯಬಾರದು, ಜೋಳ ಒಯ್ಯಬೇಕು. ಅದೂ ಸ್ವಲ್ಪ, ಗಾಳಿ ಹೋಗದ ಡಬ್ಬಿಯಲ್ಲಿ. ಒಂದು ಸಣ್ಣ ಗಿರಣಿ ಕೊಂಡೆವು. ಶೇಂಗಾ ಹಿಂಡಿ, ಅಗಸಿ ಹಿಂಡಿ, ಅಂದರೆ ಚಟ್ನಿಪುಡಿಗಳು, ಫ್ರಿಜ್ಜಿನಲ್ಲಿಟ್ಟರೆ ಉಳಿಯುತ್ತವೆ. ಪುಂಡಿ ಸೊಪ್ಪಿನ ಬೀಜ ಒಯ್ದು ಅಂಗಳದಲ್ಲಿ ಹಾಕಿ. ಆ ಮಳೆಗೆ ಕೈ ಎತ್ತರ ಬರುತ್ತದೆ.

ಆ ತೇವ ರೊಟ್ಟಿಯನ್ನಷ್ಟೇ ಕೆಡಿಸುವುದಿಲ್ಲ, ನಿಮ್ಮ ಜೇಬನ್ನೂ ಮುಟ್ಟುತ್ತದೆ. ಅಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ನಮ್ಮಲ್ಲಿ ಬೀಳುವುದರ ಮೂರು ಪಟ್ಟಿಗೂ ಜಾಸ್ತಿ. ಮೇ ತಿಂಗಳಲ್ಲಿ ಹಿಡಿದರೆ ಡಿಸೆಂಬರ್ ತನಕ ಬಿಟ್ಟು ಬಿಟ್ಟು ಬರುತ್ತಲೇ ಇರುತ್ತದೆ. ಜೊತೆಗೆ ಉಪ್ಪುಗಾಳಿ. ಬೈಕಿನ ಚೈನು, ಫ್ಯಾನು, ಟಿವಿಯ ಒಳಗಿನ ತಂತಿ, ಗೇಟಿನ ಕೀಲು ಎಲ್ಲಕ್ಕೂ ತುಕ್ಕು. ಇಲ್ಲಿ ಹತ್ತು ವರ್ಷ ಬಾಳುವ ಸಾಮಾನು ಅಲ್ಲಿ ಅರ್ಧ ಆಯುಷ್ಯಕ್ಕೆ ಹೋಗುತ್ತದೆ ಅಂತ ಹಿಡಿದು ತಿಂಗಳಿಗೆ ಒಂದಿಷ್ಟು ದುಡ್ಡು ಬೇರೆ ತೆಗೆದಿಡಿ. ಸರ್ಟಿಫಿಕೇಟುಗಳು, ಇಳಕಲ್ ಸೀರೆ, ರೇಷ್ಮೆ ಸೀರೆ ದಯವಿಟ್ಟು ಒಯ್ಯಬೇಡಿ. ಇಲ್ಲೇ ಅಮ್ಮನ ಬೀರುವಿನಲ್ಲಿರಲಿ. ಮಂಚ, ಸೋಫಾ ಸಾಗಿಸುವ ಯೋಚನೆಯೂ ಬೇಡ.

ಎಲ್ಲವೂ ದುಬಾರಿ ಅಂತಲ್ಲ. ಪೆಟ್ರೋಲು ದೇಶದಲ್ಲೇ ಅತಿ ಅಗ್ಗ ಇರುವ ಕಡೆಗಳಲ್ಲಿ ಅಂಡಮಾನ್ ಒಂದು. ಅಲ್ಲಿ ಅದರ ಮೇಲಿನ ತೆರಿಗೆ ತೀರ ಕಡಿಮೆ. ಇತ್ತೀಚಿನ ವರ್ಷಗಳಲ್ಲಿ ಕಲಬುರಗಿಗಿಂತ ಲೀಟರಿಗೆ ಸುಮಾರು 20 ರೂಪಾಯಿ ಕಡಿಮೆ ಇದೆ. ಮೇಲಾಗಿ ಸಣ್ಣ ದ್ವೀಪದಲ್ಲಿ ಎಷ್ಟು ದೂರ ಓಡಾಡುತ್ತೀರಿ? ಕರೆಂಟನ್ನು ಬಹುಪಾಲು ಡೀಸೆಲ್ ಸುಟ್ಟು ಮಾಡುತ್ತಾರೆ, ಅದಕ್ಕೆ ತಗಲುವ ಖರ್ಚು ಬಹಳ. ಆದರೆ ಮನೆಗಳಿಗೆ ಸರ್ಕಾರ ಸಬ್ಸಿಡಿ ಕೊಟ್ಟು ಕಡಿಮೆ ದರದಲ್ಲಿ ಕೊಡುತ್ತದೆ. ನಮ್ಮ ಗೃಹಜ್ಯೋತಿ ಅಲ್ಲಿಲ್ಲ, ಆದರೂ ಬಿಲ್ಲು ನೋಡಿ ಗಾಬರಿ ಆಗುವಂಥದ್ದಲ್ಲ. ನಮ್ಮ ಮೇ ತಿಂಗಳ ಬೆಂಕಿಬಿಸಿಲೂ ಅಲ್ಲಿಲ್ಲ. ಸೆಖೆ ಇರುತ್ತದೆ, ಆದರೆ ಕೂಲರ್ ಬೇಕಾಗುವುದಿಲ್ಲ. ಬೇಸಿಗೆಯಲ್ಲಿ ನೀರು ದಿನ ಬಿಟ್ಟು ದಿನ ಬರುವುದುಂಟು. ಅದಕ್ಕೆ ಕಲಬುರಗಿಯವರಿಗೆ ತರಬೇತಿ ಬೇಕಿಲ್ಲ, ಡ್ರಮ್ಮು ತುಂಬಿಡುವುದು ನಮಗೆ ಗೊತ್ತು. ವರ್ಷಕ್ಕೆ 7.8 ಲಕ್ಷ ಸಂಬಳಕ್ಕೆ ಈಗಿನ ಹೊಸ ತೆರಿಗೆ ಪದ್ಧತಿಯಲ್ಲಿ ಆದಾಯ ತೆರಿಗೆಯೂ ಬೀಳುವುದಿಲ್ಲ.

ಬೈಕು ಒಯ್ಯುವ ಮನಸ್ಸಿದ್ದರೆ ಒಂದು ಮಾತು. ಬೇರೆ ಕಡೆ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಅಲ್ಲಿ ಮರು ನೋಂದಣಿ ಮಾಡಿಸಬೇಕು. ಹಡಗಿನ ಬಾಡಿಗೆ, ಈ ಓಡಾಟ, ತುಕ್ಕು ಎಲ್ಲ ಸೇರಿಸಿದರೆ ಅಲ್ಲೇ ಒಂದು ಹಳೇ ಸ್ಕೂಟಿ ಕೊಳ್ಳುವುದು ಮೇಲು.

ಇನ್ನು ಮುಖ್ಯ ವಿಷಯ. ದ್ವೀಪದಲ್ಲಿ ದುಬಾರಿ ಆಗಿರುವುದು ತರಕಾರಿ ಅಲ್ಲ, ಬಾಡಿಗೆಯೂ ಅಲ್ಲ. ಊರಿಗೆ ಬರುವುದು. ಬೆಂಗಳೂರಲ್ಲಿ ಕೆಲಸ ಮಾಡುವವನಿಗೆ ಫೋನ್ ಬಂದರೆ ರಾತ್ರಿ ಬಸ್ಸು ಹತ್ತುತ್ತಾನೆ, ಬೆಳಗ್ಗೆ ಮನೆಯಲ್ಲಿರುತ್ತಾನೆ. ಸೀಟಿಲ್ಲದಿದ್ದರೆ ಜನರಲ್ ಬೋಗಿಯಲ್ಲಿ ನಿಂತಾದರೂ ಬರುತ್ತಾನೆ. ದ್ವೀಪದಲ್ಲಿ ನಿಂತುಕೊಂಡು ಬರುವ ದಾರಿ ಇಲ್ಲ. ಸ್ವರಾಜ್ ದ್ವೀಪದಿಂದ ಪೋರ್ಟ್ ಬ್ಲೇರ್‌ಗೆ ಸರ್ಕಾರಿ ದೋಣಿಯಲ್ಲಿ ಎರಡು ಎರಡೂವರೆ ಗಂಟೆ. ಕೊನೆಯ ದೋಣಿ ತಪ್ಪಿದರೆ ಮರುದಿನವೇ. ಸಮುದ್ರ ಕೆಟ್ಟರೆ ಅದೂ ಇಲ್ಲ. ಅಲ್ಲಿಂದ ಚೆನ್ನೈಗೆ ವಿಮಾನ ಎರಡು ಗಂಟೆ ಚಿಲ್ಲರೆ. ಹೆಚ್ಚಿನ ವಿಮಾನಗಳು ಹಗಲು ಹೊತ್ತಿನಲ್ಲೇ ಹೋಗಿಬಿಡುತ್ತವೆ. ಚೆನ್ನೈಯಿಂದ ಮುಂಬೈ ಕಡೆಯ ರೈಲು ಹಿಡಿದು ಒಂದು ರಾತ್ರಿ ಕಳೆದರೆ ಕಲಬುರಗಿ. ಈಗ ನಮ್ಮೂರಿಗೂ ವಿಮಾನ ನಿಲ್ದಾಣ ಇದೆ, 2019ರಲ್ಲಿ ಶುರುವಾಯಿತು. ಆದರೆ ಅಲ್ಲಿಗೆ ಆಗ ವಿಮಾನ ಓಡುತ್ತಿದೆಯಾ ಅಂತ ಮೊದಲು ನೋಡಿಕೊಳ್ಳಬೇಕು, ಓಡುತ್ತಿದ್ದರೂ ಸಮಯ ಹೊಂದಿ ಬರಬೇಕು.

ನನಗೆ 2014ರ ಡಿಸೆಂಬರಿನಲ್ಲಿ ಫೋನ್ ಬಂತು. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದಾರೆ, ಎದೆನೋವು ಅಂತ. ಡಿಸೆಂಬರ್ ಅಂದರೆ ಪ್ರವಾಸಿಗರ ತುಂಬು ಕಾಲ. ಟಿಕೆಟ್ ಸಿಕ್ಕಿದ್ದು ಮರುದಿನಕ್ಕೆ, ಅದಕ್ಕೆ ನನ್ನ ಅರ್ಧ ತಿಂಗಳ ಸಂಬಳ ಹೋಯಿತು. ಚೆನ್ನೈಯಲ್ಲಿ ಇಳಿದಾಗ ಆವತ್ತಿನ ರೈಲಿನಲ್ಲಿ ಜಾಗ ಇಲ್ಲ. ಸ್ಟೇಷನ್ನಿನ ಬೆಂಚಿನ ಮೇಲೆ ರಾತ್ರಿ ಕಳೆದೆ. ಊರು ಮುಟ್ಟಿದ್ದು ನಾಲ್ಕನೇ ದಿನ. ಅಪ್ಪ ಉಳಿದುಕೊಂಡರು. ನನ್ನ ಕೈ ಹಿಡಿದು 'ಯಾಕಪ್ಪಾ ಇಷ್ಟು ದೂರ' ಅಂದರು, ಅಷ್ಟೇ. ನಿಮ್ಮ ಪತ್ರದಲ್ಲಿ ಅಪ್ಪನ ಬಿಪಿ, ಶುಗರ್ ಅಂತ ಓದಿದ ತಕ್ಷಣ ನನಗೆ ಆ ಬೆಂಚು ನೆನಪಾಯಿತು. ಹಾಗಾಗಿ ಇದನ್ನು ಒತ್ತಿ ಹೇಳುತ್ತೇನೆ. ಹೊರಡುವ ಮೊದಲೇ 50 ಸಾವಿರ ರೂಪಾಯಿ ಬೇರೆ ಖಾತೆಯಲ್ಲಿ ಇಡಿ. ಅದು ಬರೀ ತುರ್ತು ಟಿಕೆಟ್‌ಗೆ. ಮೊಬೈಲ್ ಕೊಳ್ಳಲು, ಸ್ಕೂಟಿ ರಿಪೇರಿಗೆ ಅದನ್ನು ಮುಟ್ಟಬಾರದು. ಇಲ್ಲಿ ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯುವವರು ಯಾರು, ರಾತ್ರಿ ಎರಡು ಗಂಟೆಗೆ ಬಾಗಿಲು ತೆಗೆಯುವವರು ಯಾರು ಅನ್ನುವುದು ಹೆಸರು ಸಮೇತ ನಿಕ್ಕಿ ಆಗಲಿ. ತಮ್ಮನೋ ಅಕ್ಕನ ಮಗನೋ, ಒಬ್ಬರಿಗೆ ಜವಾಬ್ದಾರಿ ಕೊಡಿ.

ಸಾಮಾನ್ಯ ಪ್ರಯಾಣವನ್ನೂ ಲೆಕ್ಕಕ್ಕೆ ತನ್ನಿ. ಮೂವರು ವರ್ಷಕ್ಕೆ ಒಂದು ಸಲ ಬಂದು ಹೋಗಲು ದೋಣಿ, ವಿಮಾನ, ರೈಲು ಸೇರಿ ಒಬ್ಬರಿಗೆ 15 ಸಾವಿರ ಹಿಡಿದರೆ 45 ಸಾವಿರ. ತಿಂಗಳಿಗೆ 3,750. ದೋಣಿಯಲ್ಲಿ ದ್ವೀಪದ ಖಾಯಂ ನಿವಾಸಿಗಳಿಗೆ ಒಂದು ದರ, ಹೊರಗಿನವರಿಗೆ ಅದಕ್ಕಿಂತ ಜಾಸ್ತಿ ದರ. ನೀವು ಹೋದ ಕೂಡಲೇ ಖಾಯಂ ನಿವಾಸಿ ಆಗುವುದಿಲ್ಲ. ಇನ್ನೊಂದು ಸೂಕ್ಷ್ಮ ಇದೆ. ನಮ್ಮ ಎಳ್ಳ ಅಮಾವಾಸ್ಯೆ ಬರುವುದು ಡಿಸೆಂಬರ್ ಜನವರಿಯಲ್ಲಿ. ಇಡೀ ಮನೆ ಹೊಲಕ್ಕೆ ಹೋಗಿ ಸಜ್ಜೆ ರೊಟ್ಟಿ, ಭಜ್ಜಿ ಉಣ್ಣುವ ದಿನ. ರೆಸಾರ್ಟ್‌ನವರಿಗೆ ಅದೇ ದುಡಿಮೆಯ ಹೊತ್ತು. ನಮ್ಮೂರ ಶರಣಬಸವೇಶ್ವರರ ಜಾತ್ರೆ, ನಾವು ಅಪ್ಪನ ಜಾತ್ರೆ ಅನ್ನುವುದು, ಅದೂ ಅವರ ಸೀಸನ್ನಿನಲ್ಲೇ ಬರುತ್ತದೆ. ನಿಮಗೆ ರಜೆ ಸಿಗುವುದು ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಆಗ ಟಿಕೆಟ್ ಅಗ್ಗ, ಸಮುದ್ರ ಒರಟು. ನಾಗರ ಪಂಚಮಿಗೆ ಬರಬಹುದು. ಎಳ್ಳ ಅಮಾವಾಸ್ಯೆ ಬಿಡಬೇಕಾಗುತ್ತದೆ. ಇದನ್ನು ಮನೆಯವರ ಜೊತೆ ಈಗಲೇ ಮಾತಾಡಿ.

ಆಸ್ಪತ್ರೆ ಖರ್ಚಿಗೂ ಇದೇ ದೂರ ಸೇರುತ್ತದೆ. ನಿಮ್ಮ ದ್ವೀಪದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ, ಪೋರ್ಟ್ ಬ್ಲೇರ್‌ನಲ್ಲಿ ಜಿ.ಬಿ. ಪಂತ್ ಆಸ್ಪತ್ರೆ. ದೊಡ್ಡ ಚಿಕಿತ್ಸೆ ಅಂದರೆ ಚೆನ್ನೈ ಕಡೆ ಕಳಿಸುವುದು ರೂಢಿ. ವಿಮೆ ಆಸ್ಪತ್ರೆಯ ಬಿಲ್ಲು ಕಟ್ಟಬಹುದು, ಜೊತೆಗೆ ಹೋಗುವವರ ಟಿಕೆಟ್, ಲಾಡ್ಜ್, ಊಟ ಕಟ್ಟುವುದಿಲ್ಲ. ಕಲಬುರಗಿಯಲ್ಲಿ ಹೃದಯಕ್ಕೆ ಜಯದೇವ ಇದೆ, ಆಟೋದಲ್ಲಿ ಹೋಗಬಹುದು. ಆ ಸವಲತ್ತಿನ ಬೆಲೆ ದೂರ ಹೋದ ಮೇಲೆಯೇ ಗೊತ್ತಾಗುತ್ತದೆ.

ಮಗಳ ಓದಿನ ವಿಷಯ ನಿಮ್ಮ ಪತ್ರದಲ್ಲಿ ಬಂದಿಲ್ಲ, ಆದರೆ ದೀರ್ಘಕಾಲಕ್ಕೆ ಎಲ್ಲಕ್ಕಿಂತ ದೊಡ್ಡ ಲೆಕ್ಕ ಅದೇ. ಅಲ್ಲಿನ ಶಾಲೆಗಳು ಸಿಬಿಎಸ್‌ಇ. ಹಿಂದಿ ಚೆನ್ನಾಗಿ ಬೇಕು. ಕನ್ನಡ ನೀವೇ ಮನೆಯಲ್ಲಿ ಕಲಿಸಬೇಕು. ಮುಂದೆ ಕರ್ನಾಟಕದಲ್ಲಿ ಸಿಇಟಿ ಸೀಟಿಗೆ ಒಂದು ಮುಖ್ಯ ನಿಯಮ ಇದೆ. ಒಂದರಿಂದ ಪಿಯುಸಿ ತನಕ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಹತ್ತನೆಯದೋ ಎರಡನೇ ಪಿಯುಸಿಯೋ ಇಲ್ಲೇ ಪಾಸಾಗಿರಬೇಕು. ನಿಮ್ಮ ಮಗಳು ನಾಲ್ಕು ಮುಗಿಸಿ ಹೊರಟರೆ 4 ವರ್ಷ ಆಯಿತು. ಹತ್ತನೇ ಕ್ಲಾಸಿಗೆ ವಾಪಸ್ ಬಂದರೆ ಇನ್ನು 3 ಸೇರಿ 7 ಆಗುತ್ತದೆ. ಹತ್ತು ಅಲ್ಲೇ ಮುಗಿಸಿ ಪಿಯುಸಿಗೆ ಬಂದರೆ 6 ಮಾತ್ರ. ಒಂದೇ ವರ್ಷದ ವ್ಯತ್ಯಾಸ, ಆದರೆ ಇಂಥ ಕಡೆಯೇ ಪೆಟ್ಟು ಬೀಳುವುದು. ನಿಯಮದಲ್ಲಿ ಬೇರೆ ದಾರಿಗಳೂ ಇವೆ, ಅವಕ್ಕೆ ಕಾಗದಪತ್ರದ ಓಡಾಟ ಜಾಸ್ತಿ. ವರ್ಷ ಎಣಿಸಿಕೊಂಡು ಹೋಗುವುದೇ ಸುಲಭ. ನಾಲ್ಕನೇ ಕ್ಲಾಸು ನಡುವೆ ಬಿಡಿಸಬೇಡಿ, ಮುಗಿಸಿಯೇ ಹೊರಡಿ. ಹಾಗೆಯೇ ನಮ್ಮ ಭಾಗದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರವನ್ನು ಈಗಲೇ ಮಾಡಿಸಿ. ನಮ್ಮ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ಅದರ ಮೇಲೆ ನಿಂತಿದೆ. ಅಲ್ಲಿ ಕೂತು ಇಲ್ಲಿನ ಕಚೇರಿ ತಿರುಗಲು ಆಗುವುದಿಲ್ಲ.

ನಿಮ್ಮ ಹೆಂಡತಿಯ ದುಡಿಮೆ ಪೂರ್ತಿ ನಿಲ್ಲಲೇಬೇಕು ಅಂತಿಲ್ಲ. ನಾವಿದ್ದಾಗ ಒಂದು ಫೋಟೊ ಕಳಿಸಲು ಹತ್ತು ನಿಮಿಷ ಕಾಯಬೇಕಿತ್ತು, ಎಲ್ಲ ಉಪಗ್ರಹದ ಮೇಲೆ ನಡೆಯುತ್ತಿತ್ತು. 2020ರ ಆಗಸ್ಟ್‌ನಲ್ಲಿ ಚೆನ್ನೈಯಿಂದ ಸಮುದ್ರದ ತಳದಲ್ಲಿ ಕೇಬಲ್ ಬಂತು, ಸುಮಾರು 2,300 ಕಿ.ಮೀ. ಉದ್ದದ್ದು. ಅದು ಸ್ವರಾಜ್ ದ್ವೀಪವನ್ನೂ ಮುಟ್ಟಿದೆ. ಆನ್‌ಲೈನ್ ಟ್ಯೂಷನ್ ಸಾಧ್ಯ. ಅವರು ಈಗಲೇ ಇಲ್ಲಿನ ನಾಲ್ಕೈದು ಮಕ್ಕಳಿಗೆ ಆನ್‌ಲೈನ್‌ನಲ್ಲಿ ಪಾಠ ಶುರು ಮಾಡಿದರೆ ಹೋದ ಮೇಲೆ ಆದಾಯ ಸೊನ್ನೆ ಆಗುವುದಿಲ್ಲ. ಅಲ್ಲಿನ ಶಾಲೆಯಲ್ಲಿ ಕೆಲಸ ಸಿಕ್ಕೇ ಸಿಗುತ್ತದೆ ಅಂತ ನಂಬಿ ಲೆಕ್ಕ ಹಾಕಬೇಡಿ.

ಹಾಗಾದರೆ ಹೋಗಬೇಕಾ? ನನ್ನ ಅಭಿಪ್ರಾಯ ಇದು. ಬರೀ 65 ಸಾವಿರಕ್ಕೆ, ಮನೆ ನಿಮ್ಮದೇ, ಟಿಕೆಟ್ ನಿಮ್ಮದೇ ಅಂದರೆ, ಸಂಸಾರ ಸಮೇತ ಹೋಗಬೇಡಿ. ಉಳಿಯುವುದಿಲ್ಲ. ಸಂಸಾರಕ್ಕೆ ತಕ್ಕ ಮನೆ, ವರ್ಷಕ್ಕೆ ಮೂವರಿಗೂ ಎರಡು ಸಲ ಹೋಗಿ ಬರುವ ಟಿಕೆಟ್, ಇಷ್ಟು ಬರೆದುಕೊಟ್ಟರೆ ಹೋಗಿ. ಆಗ ಬಾಡಿಗೆಯ ಭಾರವೂ ಪ್ರಯಾಣದ ಭಾರವೂ ಇಳಿಯುತ್ತದೆ, ಆ 12 ಸಾವಿರದಲ್ಲಿ ಒಳ್ಳೆಯ ಪಾಲು ನಿಮ್ಮ ಕೈಯಲ್ಲೇ ಇರುತ್ತದೆ. ಡ್ಯೂಟಿಯಲ್ಲಿ ನಿಮ್ಮ ಊಟ ಅಲ್ಲೇ ಆದರೆ ಇನ್ನೂ ಒಳ್ಳೆಯದು. ಬಾಯಿಮಾತಿನ ಭರವಸೆ ಬೇಡ, ನೇಮಕದ ಪತ್ರದಲ್ಲೇ ಇರಲಿ. ಅಷ್ಟು ದೂರಕ್ಕೆ ಜನರನ್ನು ಕರೆಸುವವರಿಗೆ ಇದು ವಿಚಿತ್ರದ ಬೇಡಿಕೆ ಅಲ್ಲ. ಕೇಂದ್ರ ಸರ್ಕಾರವೇ ತನ್ನ ನೌಕರರಿಗೆ ದ್ವೀಪದ ವಿಶೇಷ ಭತ್ಯೆ ಕೊಡುತ್ತದೆ. ಸಂಕೋಚ ಬಿಟ್ಟು ಕೇಳಿ.

ಅವರು ಅರ್ಧಕ್ಕೆ ಒಪ್ಪಿದರೆ ಮಧ್ಯದ ದಾರಿ ಇದೆ. ಆರು ತಿಂಗಳು ನೀವೊಬ್ಬರೇ ಹೋಗಿ. ಸ್ಟಾಫ್ ರೂಮಿನಲ್ಲಿರಿ. ಹೆಂಡತಿಯ ಕೆಲಸ, ಮಗಳ ಶಾಲೆ, ಅಪ್ಪನ ಔಷಧಿ ಎಲ್ಲ ಇಲ್ಲಿ ನಡೆಯಲಿ. ಹಾಗೆ ಮಾಡಿದರೆ ನಿಮ್ಮ 27 ಸಾವಿರದ ದೊಡ್ಡ ಪಾಲು ನಿಜವಾಗಿಯೂ ಉಳಿಯುತ್ತದೆ. ಒಂದು ಮಳೆಗಾಲವನ್ನೂ ಕಂಡ ಹಾಗಾಗುತ್ತದೆ. ಫೆಬ್ರವರಿಯ ಬಿಳಿ ಮರಳು, ನೀಲಿ ನೀರು ನೋಡಿ ಯಾರಿಗೂ ಮನಸ್ಸಾಗುತ್ತದೆ. ಜುಲೈ ತಿಂಗಳಲ್ಲಿ ಎಂಟು ದಿನ ಬಟ್ಟೆ ಒಣಗದೆ ಇದ್ದಾಗಲೂ ಇಲ್ಲಿ ಇರಬಹುದು ಅನ್ನಿಸಿದರೆ ಆಗ ಮನೆಯವರನ್ನು ಕರೆಸಿಕೊಳ್ಳಿ.

ನೇಮಕದ ಪತ್ರ ಕೈಗೆ ಬಂದ ಮೇಲೆ ಸಹಿ ಹಾಕುವ ಮೊದಲು ಇನ್ನೊಮ್ಮೆ ಬರೆಯಿರಿ. ವಸತಿ ಯಾವ ಥರದ್ದು, ವರ್ಷಕ್ಕೆ ಎಷ್ಟು ರಜೆ, ಯಾವ ತಿಂಗಳಲ್ಲಿ, ನಡುವೆ ಬಿಟ್ಟರೆ ನೋಟಿಸ್ ಎಷ್ಟು ದಿನ ಅನ್ನುವುದನ್ನು ಜೊತೆಗೆ ಕಳಿಸಿ. ನಿಮ್ಮ ಮನೆಯ ಒಂದು ತಿಂಗಳ ಖರ್ಚಿನ ಚೀಟಿಯೂ ಇರಲಿ, ಹೊಲದಿಂದ ಬಂದ ಜೋಳದ ಸಮೇತ. ಎರಡನ್ನೂ ಪಕ್ಕ ಪಕ್ಕ ಇಟ್ಟು ಸಾಲು ಸಾಲಾಗಿ ನೋಡೋಣ.